ವಿಮರ್ಶೆ

ಸಂಸ್ಕೃತದ ‘ಮೃಶ್’ ಧಾತುವಿಗೆ ಮುಟ್ಟು, ಸವರು ಎಂಬ ಅರ್ಥ. ‘ವಿ’ ಸೇರಿದಾಗ ಅದು ಮನಸ್ಸಿನಿಂದ ಮುಟ್ಟಿ ನೋಡುವುದು, ಅಂದರೆ ಪರಿಶೀಲನೆ. ನಾಟ್ಯಶಾಸ್ತ್ರ ಹೇಳುವ ನಾಟಕದ ಕಥೆಯ ಐದು ಸಂಧಿಗಳಲ್ಲಿ, ಅಂದರೆ ಘಟ್ಟಗಳಲ್ಲಿ, ‘ವಿಮರ್ಶ’ ನಾಲ್ಕನೆಯದು. ಕಾಶ್ಮೀರ ಶೈವದಲ್ಲಿ ಅದು ಅರಿವು ತನ್ನನ್ನೇ ಅರಿಯುವ ಶಕ್ತಿ.

ಕೃತಿಯ ಬೆಲೆ ಕಟ್ಟುವ ಬರಹ ಎಂಬ ಅರ್ಥ ಕನ್ನಡದಲ್ಲಿ ಬೇರೂರಿದ್ದು 20ನೇ ಶತಮಾನದಲ್ಲಿ. ಕಥೆಗಾರ ಮಾಸ್ತಿ ತಮ್ಮ ಲೇಖನ ಸಂಪುಟಗಳಿಗೆ ‘ವಿಮರ್ಶೆ’ ಎಂದೇ ಹೆಸರಿಟ್ಟರು. 1960ರ ದಶಕದಲ್ಲಿ ವಿಮರ್ಶಕ ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’, ಕವಿ ಅಡಿಗರ ‘ಸಾಕ್ಷಿ’ ಪತ್ರಿಕೆ ವಿಮರ್ಶಕನ ಮಾತಿಗೆ ಹೊಸ ತೂಕ ತಂದವು. ಯಾವ ಕೃತಿ ಮುಖ್ಯ ಎಂಬ ಚರ್ಚೆಯಲ್ಲಿ ಕವಿಯಷ್ಟೇ ವಿಮರ್ಶಕನೂ ಎಣಿಕೆಗೆ ಬಂದ.

ಇಂದು ಸಿನಿಮಾದಿಂದ ಬಜೆಟ್‌ವರೆಗೆ ಎಲ್ಲಕ್ಕೂ ವಿಮರ್ಶೆಯಿದೆ. ಆದರೆ ತಪ್ಪು ಹುಡುಕುವುದಷ್ಟೇ ವಿಮರ್ಶೆಯಲ್ಲ. ಕೃತಿಯ ಮೈದಡವಿ ಓದಿದವನಿಗೆ ಮಾತ್ರ ತೀರ್ಪು ಕೊಡುವ ಅಧಿಕಾರ.