ಮಾರುಕಟ್ಟೆಗೂ ಕಚೇರಿಗೂ ಬಂದ ಮಿದುಳು ವಿಜ್ಞಾನ

ಗ್ರಾಹಕ ಒಂದು ವಸ್ತುವನ್ನು ಕೊಳ್ಳುವುದೇಕೆ? ನೌಕರ ಒಂದು ತೀರ್ಮಾನವನ್ನು ಅನ್ಯಾಯವೆಂದು ಭಾವಿಸುವುದೇಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವ್ಯವಹಾರ ಸಂಶೋಧಕರು ಬಹುಕಾಲ ಪ್ರಶ್ನಾವಳಿ, ಸಂದರ್ಶನಗಳನ್ನೇ ನೆಚ್ಚಿಕೊಂಡಿದ್ದರು. ಆದರೆ ಜನ ಹೇಳುವುದೊಂದು, ಮಾಡುವುದು ಇನ್ನೊಂದು. ಈ ಅಂತರದ ಕಾರಣ ತಿಳಿಯಲು ಮಿದುಳಿನ ಚಟುವಟಿಕೆಯನ್ನೇ ಅಳೆಯುವ ಅಧ್ಯಯನಗಳು 2000ರ ದಶಕದಿಂದ ಹೆಚ್ಚಿದವು. ಖರೀದಿಗೆ ಸಂಬಂಧಿಸಿದ ಶಾಖೆಯನ್ನು ‘ನ್ಯೂರೋಮಾರ್ಕೆಟಿಂಗ್’ ಎಂದೂ, ಸಂಸ್ಥೆಗಳೊಳಗಿನ ವರ್ತನೆಯನ್ನು ಪರಿಶೀಲಿಸುವ ಶಾಖೆಯನ್ನು ‘ಸಾಂಸ್ಥಿಕ ನರವಿಜ್ಞಾನ’ ಎಂದೂ ಕರೆಯಲಾಗುತ್ತದೆ.

ಅಳೆಯುವುದು ಹೇಗೆ?

ಮುಖ್ಯ ವಿಧಾನಗಳು ಎರಡು. ತಲೆಯ ಮೇಲೆ ಎಲೆಕ್ಟ್ರೋಡ್‌ಗಳನ್ನಿರಿಸಿ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ, ಕ್ಷಣಮಾತ್ರದ ಬದಲಾವಣೆಯನ್ನೂ ಗುರುತಿಸುತ್ತದೆ. ಆದರೆ ಮಿದುಳಿನ ಆಳದ ಭಾಗಗಳನ್ನು ನಿಖರವಾಗಿ ತೋರಿಸದು. ಎಫ್‌ಎಂಆರ್‌ಐ ಯಂತ್ರವು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಆಧರಿಸಿ, ಯಾವ ಭಾಗ ಸಕ್ರಿಯವಾಗಿದೆ ಎಂಬುದನ್ನು ಪರೋಕ್ಷವಾಗಿ ಸೂಚಿಸುತ್ತದೆ.

ಎರಡು ಪ್ರಯೋಗಗಳು

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲನ್ ಸ್ಯಾನ್‌ಫಿ ಮತ್ತು ಸಂಗಡಿಗರು 2003ರಲ್ಲಿ 19 ಮಂದಿಯ ಅಧ್ಯಯನವನ್ನು ಪ್ರಕಟಿಸಿದರು. 10 ಡಾಲರ್‌ನಲ್ಲಿ ಎದುರಾಳಿ ನೀಡುವ ಪಾಲನ್ನು ಒಪ್ಪಿದರೆ ಇಬ್ಬರಿಗೂ ಹಣ, ತಿರಸ್ಕರಿಸಿದರೆ ಇಬ್ಬರಿಗೂ ಶೂನ್ಯ. ಪಾಲು ಒಂದೆರಡು ಡಾಲರ್‌ಗೆ ಇಳಿದಾಗ, ಅಹಿತಕರ ಭಾವನೆಗಳೊಂದಿಗೆ ನಂಟಿರುವ ‘ಇನ್ಸುಲಾ’ ಭಾಗ ಹೆಚ್ಚು ಸಕ್ರಿಯವಾಯಿತು. ಅನೇಕರು ಕೈಗೆ ಬಂದ ಹಣವನ್ನೇ ನಿರಾಕರಿಸಿದರು. ನ್ಯಾಯದ ಪ್ರಶ್ನೆ ಕೇವಲ ಲೆಕ್ಕಾಚಾರದ್ದಲ್ಲ ಎಂಬುದಕ್ಕೆ ಇದು ಪುರಾವೆಯಾಯಿತು.

ಹಿಲ್ಕೆ ಪ್ಲಾಸ್‌ಮನ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವೈನ್‌ ಅನ್ನು ಒಮ್ಮೆ 10 ಡಾಲರ್‌ನದೆಂದೂ, ಮತ್ತೊಮ್ಮೆ 90 ಡಾಲರ್‌ನದೆಂದೂ ಹೇಳಿ ಕೊಡಲಾಯಿತು. ಬೆಲೆ ಹೆಚ್ಚೆಂದಾಗ ರುಚಿಯೂ ಹೆಚ್ಚೆನಿಸಿತು. ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಏರಿತು.

ಮಿತಿಗಳು

ಮಿದುಳಿನ ಒಂದೇ ಭಾಗ ಹಲವು ಕೆಲಸಗಳಲ್ಲಿ ಪಾಲ್ಗೊಳ್ಳುತ್ತದೆ. ಆದ್ದರಿಂದ ಇನ್ಸುಲಾ ಸಕ್ರಿಯವಾದ ಮಾತ್ರಕ್ಕೆ ವ್ಯಕ್ತಿಗೆ ಅಸಹನೆಯಾಗಿದೆ ಎನ್ನಲಾಗದು. ಅಂಕಿಅಂಶಗಳ ಪರಿಷ್ಕರಣೆ ಕೈಬಿಟ್ಟರೆ ಏನಾಗಬಹುದೆಂಬುದನ್ನು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ತೋರಿಸಿದರು. ಅವರ ಸ್ಕ್ಯಾನರ್‌ನಲ್ಲಿ ಸತ್ತ ಸಾಲ್ಮನ್ ಮೀನಿನ ಮಿದುಳೂ ‘ಸಕ್ರಿಯ’ವಾಗಿ ಕಂಡಿತ್ತು!

ಇಂತಹ ಪ್ರಯೋಗಗಳ ಫಲಿತಾಂಶ ಸಾಮಾನ್ಯವಾಗಿ ಗುಂಪಿನ ಸರಾಸರಿ. ಅದನ್ನೇ ಅಳತೆಗೋಲಾಗಿಸಿ ಒಬ್ಬ ಅಭ್ಯರ್ಥಿಯ ನೇಮಕಾತಿಯನ್ನೋ, ಒಬ್ಬ ನೌಕರನ ಬಡ್ತಿಯನ್ನೋ ನಿರ್ಧರಿಸಲು ಹೊರಟರೆ ವಿಜ್ಞಾನದ ಹೆಸರಿನಲ್ಲಿ ಅನ್ಯಾಯವಾದೀತು.

ಕಾನೂನಿನ ಹೆಜ್ಜೆ

ಮಿದುಳಿನ ಮಾಹಿತಿಯ ರಕ್ಷಣೆಗಾಗಿ ಚಿಲಿ ದೇಶ 2021ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದಿತು. ದೈಹಿಕ ದತ್ತಾಂಶದಿಂದ ನೌಕರರ ಭಾವನೆಗಳನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತಾ ಉದ್ದೇಶಗಳಿಗೆ ಮಾತ್ರ ವಿನಾಯಿತಿ ಇದೆ.