ಗುಡುಗಿಗೆ ಹುಟ್ಟುವ ಅಣಬೆ

ಮೆಸಯೀದ್‌ನಲ್ಲಿ ಕಾಡಿಲ್ಲ. ಒಂದು ಕಡೆ ಕಾರ್ಖಾನೆಗಳ ಚಿಮಣಿ, ಇನ್ನೊಂದು ಕಡೆ ಕಡಲಿಗಿಳಿಯುವ ಮರಳ ದಿಬ್ಬ. 1949ರ ಕೊನೆಯಲ್ಲಿ ದುಖಾನ್‌ನ ತೈಲ ಮೊದಲ ಸಲ ಹಡಗೇರಿದ್ದು ಇಲ್ಲಿಂದ. ಆಗ ಈ ಊರು ಉಮ್ ಸಯೀದ್. ಆದರೆ ಈ ದೇಶದ ಅಣಬೆಯ ಚರಿತ್ರೆ ತೈಲದ ಚರಿತ್ರೆಗಿಂತ ಬಹಳ ಹಳೆಯದು.

ಕತಾರಿಗಳು ಅದನ್ನು ಫಗ್ಗಾ ಎನ್ನುತ್ತಾರೆ. ಕೊಡೆಯಿಲ್ಲ, ದಂಟಿಲ್ಲ, ಸಣ್ಣ ಆಲೂಗೆಡ್ಡೆಯಂತೆ ಮಣ್ಣೊಳಗೇ ಬಲಿಯುತ್ತದೆ. ಅಕ್ಟೋಬರ್ ನಡುವಿನಿಂದ ಸುಮಾರು 52 ದಿನಗಳನ್ನು ಇಲ್ಲಿನವರು ‘ವಸ್ಮ್’ ಎಂದು ಎಣಿಸುತ್ತಾರೆ. ಆಗ ಗುಡುಗಿ ಮಳೆ ಬಂದರೆ, ಚಳಿಗಾಲ ಕಳೆಯುವಷ್ಟರಲ್ಲಿ ತಗ್ಗು ನೆಲದಲ್ಲಿ ಮಣ್ಣು ಉಬ್ಬಿ ಬಿರುಕು ಬಿಡುತ್ತದೆ. “ಮೊದಲು ರಗ್ರೂಗ್ ಗಿಡ ಹುಡುಕಿ, ಫಗ್ಗಾ ಅದರ ಬುಡದಲ್ಲೇ ಇರುತ್ತದೆ” ಎಂದರು ನನ್ನ ಜೊತೆ ಕೆಲಸ ಮಾಡುವ ಹಿರಿಯ ಕತಾರಿಯೊಬ್ಬರು.

ಸುಮಾರು 3,800 ವರ್ಷಗಳ ಹಿಂದೆ, ಯೂಫ್ರಟಿಸ್ ದಂಡೆಯ ಮಾರಿ ಪಟ್ಟಣದ ದೊರೆ ಜಿಮ್ರಿ-ಲಿಮ್‌ಗೆ ಅಧಿಕಾರಿಗಳು ಇಂಥ ಅಣಬೆ ಕಳಿಸುತ್ತಿದ್ದರು. ಕಳಿಸಿದ್ದು ಚೆನ್ನಾಗಿಲ್ಲವೆಂದು ದೊರೆ ಆಕ್ಷೇಪಿಸಿದ್ದಕ್ಕೆ ಒಬ್ಬ ಅಧಿಕಾರಿ ಕೊಟ್ಟ ಸಮಜಾಯಿಷಿ ಮಣ್ಣಿನ ಫಲಕದಲ್ಲಿ ಇಂದಿಗೂ ಉಳಿದಿದೆ. ಗ್ರೀಸಿನ ಥಿಯೋಫ್ರಾಸ್ಟಸ್ ಇವಕ್ಕೂ ಗುಡುಗಿಗೂ ಇರುವ ನಂಟನ್ನು ಬರೆದಿಟ್ಟ. ಪ್ಲುಟಾರ್ಕ್ ಅದನ್ನೇ ಊಟದ ಹೊತ್ತಿನ ಚರ್ಚೆಯಾಗಿಸಿದ. ಪ್ರವಾದಿಯವರ ಹದೀಸ್‌ನಲ್ಲಿ ಇದು ‘ಮನ್ನ’ದ ಬಗೆ, ಇದರ ರಸ ಕಣ್ಣಿಗೆ ಮದ್ದು.

ಕಾರ್ಕಳದ ಕಡೆಯ ನನಗೆ ಇದೆಲ್ಲ ಮನೆಯ ಮಾತಿನಂತೆ ಕೇಳಿಸಿತು. ನಮ್ಮಲ್ಲಿ ಮಳೆಗಾಲದ ಮೊದಲ ಗುಡುಗಿಗೆ ಕಲ್ಲಣಬೆ ಏಳುತ್ತದೆ, ತುಳುವಿನಲ್ಲಿ ಕಲ್ಲಲಂಬು. ಅದೂ ಗುಂಡಗೆ, ಅದೂ ಮಣ್ಣೊಳಗೆ. ಎಳೆಯದಾದರೆ ಮಾತ್ರ ಪಲ್ಯ, ಬಲಿತರೆ ಒಳಗೆಲ್ಲ ಕಪ್ಪು ಪುಡಿ. ಫಗ್ಗಾ ಮತ್ತು ಕಲ್ಲಣಬೆ ಕುಲದಲ್ಲಿ ದೂರ, ಬಾಳುವೆಯಲ್ಲಿ ಹತ್ತಿರ. ಎರಡೂ ಬೇರಿನ ಜೊತೆ ಕೂಡಿ ಬಾಳುತ್ತವೆ: ಒಂದಕ್ಕೆ ರಗ್ರೂಗ್, ಇನ್ನೊಂದಕ್ಕೆ ಬೋಗಿಯಂಥ ಕಾಡುಮರ. ಗಿಡಕ್ಕೆ ಇವು ನೀರು, ಖನಿಜ ಒದಗಿಸುತ್ತವೆ. ಗಿಡ ಇವಕ್ಕೆ ಸಕ್ಕರೆ ಕೊಡುತ್ತದೆ.

ಗುಡುಗು ಕಾಲದ ಗುರುತು; ಹಿರಿಯರು ಅದನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಅಣಬೆಯನ್ನು ಸಾಕುವುದು ಬೇರು. ಇಲ್ಲಿ ವಾಹನದ ಚಕ್ರಕ್ಕೆ ರಗ್ರೂಗ್ ಸಿಕ್ಕಿ ನಲುಗಿದರೆ, ಅಲ್ಲಿ ಕೆಂಪುಕಲ್ಲಿನ ಕೋರೆಗೆ ಬೋಗಿಮರ ಉರುಳಿದರೆ, ಎಷ್ಟು ಗುಡುಗಿದರೂ ಅಣಬೆ ಏಳದು. ಫಗ್ಗಾ ಕೊಳ್ಳುವವರೂ ಕಲ್ಲಲಂಬಿಗೆ ಚೌಕಾಸಿ ಮಾಡುವವರೂ ಬೆಲೆಯ ಜೊತೆ ಆ ಗಿಡ, ಆ ಮರದ ಸುದ್ದಿಯನ್ನೂ ವಿಚಾರಿಸಬೇಕು.