ಕೊಲ್ಹಾಪುರದ ರಾವಣ

ನಿಪ್ಪಾಣಿಯ ಪೇಟೆಯನ್ನು ದಾಟಿ ಉತ್ತರಕ್ಕೆ ಹೊರಟವನು ಹೊತ್ತೇರುವ ಮುನ್ನವೇ ಕೊಲ್ಹಾಪುರವನ್ನು ಸೇರುವನು. ಅಂಬಾಬಾಯಿಯ ದರ್ಶನಕ್ಕೂ ಬೆಲ್ಲದ ವ್ಯಾಪಾರಕ್ಕೂ ನಮ್ಮ ಚಿಕ್ಕೋಡಿ ಸೀಮೆಯವರು ತಲೆತಲಾಂತರದಿಂದ ಹೋಗಿಬರುವ ಊರದು. ಆದರೆ ತೆರೆಕಂಡ ಪ್ರಥಮ ಕನ್ನಡ ವಾಕ್ಚಿತ್ರವು ತಯಾರಾದುದು ಅಲ್ಲಿಯೇ ಎಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಆ ಚಿತ್ರವು ‘ಸತಿ ಸುಲೋಚನಾ’. ಅದರಲ್ಲಿ ರಾವಣನಾದವರು ಆರ್. ನಾಗೇಂದ್ರರಾಯರು. 1896ರಲ್ಲಿ ಹೊಳಲ್ಕೆರೆಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಬಣ್ಣ ಹಚ್ಚಿದವರು. ಬೆಂಗಳೂರಿನ ವರ್ತಕರಾದ ಚಮನ್‌ಲಾಲ್ ಡುಂಗಾಜಿಯವರು ಹಣ ಹೂಡಿದರು, ಬೆಳ್ಳಾವೆ ನರಹರಿಶಾಸ್ತ್ರಿಗಳು ಸಾಹಿತ್ಯವನ್ನು ಒದಗಿಸಿದರು, ವೈ. ವಿ. ರಾಯರು ನಿರ್ದೇಶಿಸಿದರು. ಎಂ. ವಿ. ಸುಬ್ಬಯ್ಯನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬಾ ಅವರು ಸುಲೋಚನೆ. ಬೆಂಗಳೂರಿನಲ್ಲಿ ವಾಕ್ಚಿತ್ರಕ್ಕೆ ತಕ್ಕ ಸ್ಟುಡಿಯೋ ಇರಲಿಲ್ಲವಾಗಿ ಮಂಡಳಿಯು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋವನ್ನು ಆಶ್ರಯಿಸಿತು. ಬೆಂಗಳೂರಿನ ಕಡೆಯಿಂದ ಬರುವ ರೈಲುಮಾರ್ಗವು ನಮ್ಮ ರಾಯಬಾಗ, ಕುಡಚಿ, ಶೇಡಬಾಳಗಳ ಮೇಲೆಯೇ ಹಾಯ್ದು ಮಿರಜಿಗೆ ಹೋಗುತ್ತದೆ.

ಇಲ್ಲಿ ಒಂದು ಹಳೆಯ ಋಣದ ಮಾತು ನೆನಪಾಗುತ್ತದೆ. ಕಾಗವಾಡಕ್ಕೆ ಸಮೀಪದ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರಷ್ಟೆ. ಅವರಿಗೆ ಮೇಲ್ಪಂಕ್ತಿಯಾದುದು ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳ. ತೊಂಬತ್ತು ವರುಷಗಳ ತರುವಾಯ ಕನ್ನಡದ ನಟರು ಯಂತ್ರವನ್ನರಸುತ್ತ ಮರಾಠಿಗರ ಬಾಗಿಲಿಗೆ ಹೋದರು. ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಗಡಿಯಲ್ಲಿ ನಿಂತು ಲೆಕ್ಕ ಕೇಳುವವರು ಈ ಎರಡನ್ನೂ ಕೂಡಿಯೇ ನೋಡತಕ್ಕದ್ದು.

ಆಗ ಹಿನ್ನೆಲೆ ಗಾಯನವೆಂಬ ಪದ್ಧತಿ ಇನ್ನೂ ಬಂದಿರಲಿಲ್ಲ. ನಟನೇ ಕ್ಯಾಮರಾದೆದುರು ನಿಂತು ಹಾಡಬೇಕು. ಮಾತೂ ಹಾಡೂ ಒಡನೊಡನೆ ಮುದ್ರಿತವಾಗಬೇಕು. ಸಾವಿರ ಜನರ ಹಿಂದಿನ ಸಾಲಿಗೂ ಕೇಳುವಂತೆ ಗರ್ಜಿಸಿ ರೂಢಿಯಾದ ಕಂಠವನ್ನು ಧ್ವನಿಯಂತ್ರದ ಅಳತೆಗೆ ಒಗ್ಗಿಸುವುದು ಸಾಮಾನ್ಯ ಸಾಧನೆಯಲ್ಲ. ಚಿತ್ರವು 1934ನೆಯ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಲೋಚನೆಯ ಕಥೆ ವಾಲ್ಮೀಕಿಯಲ್ಲಿಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಆದರೆ ಕೀರ್ತನಕಾರರ ಬಾಯಲ್ಲಿ ಬೆಳೆದ ಕಥೆ ಪ್ರೇಕ್ಷಕರಿಗೆ ಮೊದಲೇ ಪರಿಚಿತವಾಗಿತ್ತು.

ನನ್ನ ಮಟ್ಟಿಗೆ ರಾಯರ ಹಿರಿಮೆಯು ಇದಕ್ಕಿಂತ 1941ರ ‘ವಸಂತಸೇನಾ’ದ ಶಕಾರನ ಪಾತ್ರದಲ್ಲಿದೆ. ಪಾಠಶಾಲೆಯಲ್ಲಿ ಮೃಚ್ಛಕಟಿಕವನ್ನು ಓದುವಾಗ, ರಾಮಾಯಣ ಭಾರತಗಳ ಪಾತ್ರಗಳನ್ನು ಕಲಸಿ ಮಾತನಾಡುವ ಶಕಾರನನ್ನು ಕಂಡು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಅವನು ರಾಜನ ಮೈದುನನೆಂಬುದನ್ನು, ಅಧಿಕಾರವುಳ್ಳ ಮೂರ್ಖನು ಕೊಲೆಗೂ ಹೇಸನೆಂಬುದನ್ನು, ನಾನೇ ಪಾಠ ಹೇಳಲು ತೊಡಗಿದ ಮೇಲೆ ಅರಿತೆನು. ನಗೆಯೊಳಗೆ ಭಯವನ್ನಡಗಿಸಬೇಕಾದ ಆ ಪಾತ್ರವೇ ರಾಯರಿಗೆ ದೊಡ್ಡ ಹೆಸರನ್ನು ತಂದಿತು.

ಮುಂದೆ 1943ರಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದರು, ಅದು ತಮಿಳಿಗೂ ಧ್ವನಿಪರಿವರ್ತನೆಗೊಂಡಿತು. ‘ಜಾತಕಫಲ’, ‘ಪ್ರೇಮದ ಪುತ್ರಿ’ ಅನಂತರದವು. ಮಕ್ಕಳಲ್ಲಿ ಜಯಗೋಪಾಲರು ಗೀತಕಾರರಾದರು, ಪ್ರಸಾದರು ಛಾಯಾಗ್ರಾಹಕರಾದರು, ಸುದರ್ಶನರು ನಟರಾದರು. ರಾಯರು 1977ರಲ್ಲಿ ದೈವಾಧೀನರಾದರು.

‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಕೊಲ್ಹಾಪುರದಲ್ಲಿ ಮುದ್ರಿತವಾದ ಆ ರಾವಣನ ಧ್ವನಿಯನ್ನು ಇನ್ನು ಯಾರೂ ಕೇಳಲಾರರು. ಆ ಕಾಲದಲ್ಲಿ ಚಿತ್ರಗಳ ಹಾಡಿನ ಪುಸ್ತಕಗಳು ಥಿಯೇಟರಿನ ಬಾಗಿಲಲ್ಲಿ ಬಿಕರಿಯಾಗುತ್ತಿದ್ದವು. ಅಥಣಿ, ಚಿಕ್ಕೋಡಿಗಳ ಹಳೆಯ ಮನೆಗಳ ಅಟ್ಟದ ಮೇಲೆ ಅಂಥ ಪುಸ್ತಕವಾಗಲಿ ಕರಪತ್ರವಾಗಲಿ ದೊರೆತರೆ ರದ್ದಿಗೆ ಹಾಕದೆ ನಮ್ಮ ಸಂಘಕ್ಕೆ ಒಮ್ಮೆ ತೋರಿಸಬೇಕೆಂದು ವಾಚಕರಲ್ಲಿ ಬಿನ್ನಹ.